ಕೊಟ್ಟ ನಿಯಮ ಮಾತ್ರ

ವಕೀಲರ ಕಚೇರಿಯ ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಮುಗಿದ ಮೊಕದ್ದಮೆಗಳ ಕಡತಗಳನ್ನು ಅಲ್ಲಿ ನೆಲದಿಂದ ಸೂರಿನವರೆಗೆ ಒಟ್ಟಿದ್ದಾರೆ. ಅವುಗಳ ನಡುವೆ ಒಂದು ಸ್ಟೂಲು ಹಿಡಿಯುವಷ್ಟು ಜಾಗ ಉಳಿದಿದೆ. ಮಧ್ಯಾಹ್ನ ವಕೀಲರು ಊಟ ಮುಗಿಸಿ ಕುರ್ಚಿಯಲ್ಲೇ ಕಣ್ಣು ಮುಚ್ಚುತ್ತಿದ್ದ ಮುಕ್ಕಾಲು ಗಂಟೆ ಅವರ ಟೈಪಿಸ್ಟ್ ಆ ಸ್ಟೂಲಿನ ಮೇಲೆ ಕೂತು ಓದುತ್ತಿದ್ದಳು. ಪುಸ್ತಕಕ್ಕೆ ಹಳೆಯ ಕಡತದ ರಟ್ಟು ಹೊದಿಸಿದ್ದಳು. ಯಾರಾದರೂ ಇಣುಕಿದರೆ ಕೆಲಸ ಮಾಡುತ್ತಿದ್ದಾಳೆ ಅನ್ನಿಸಬೇಕು. ನಲವತ್ತೆಂಟು ವರ್ಷದ ಹೆಂಗಸು ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯ ಪುಸ್ತಕವನ್ನು ಹೀಗೆ ಬಚ್ಚಿಟ್ಟು ಓದುವುದು ನಗುವ ಸಂಗತಿಯೇ. ನಗುವವರು ಆ ಕಚೇರಿಯ ಸುತ್ತ ಮೊದಲೇ ಬೇಕಾದಷ್ಟು ಜನ ಇದ್ದರು. ಅವರಿಗೆ ಇನ್ನೊಂದು ಕಾರಣ ಒದಗಿಸುವ ಅಗತ್ಯ ಅವಳಿಗೆ ಕಾಣಲಿಲ್ಲ.

ಇಪ್ಪತ್ತಮೂರು ವರ್ಷದಿಂದ ಅವಳು ಈ ಒಬ್ಬರೇ ವಕೀಲರ ಬಳಿ ಇದ್ದಳು. ವಕೀಲರು ಕೋಣೆಯ ಉದ್ದಕ್ಕೂ ಅಡ್ಡಾಡುತ್ತ, ಕನ್ನಡಕದ ಕಡ್ಡಿ ಕಚ್ಚುತ್ತ ಹೇಳುತ್ತಿದ್ದರು. ಅವಳು ಟೈಪ್ ಮಾಡುತ್ತಿದ್ದಳು. ಹೇಳುವ ಭರದಲ್ಲಿ ವಾದಿ ಪ್ರತಿವಾದಿಯಾಗುತ್ತಿದ್ದ, ಮಾರ್ಚ್ ಮೇ ಆಗುತ್ತಿತ್ತು, ಮೂರನೇ ಪುಟದಲ್ಲಿ ಸತ್ತವನು ಏಳನೇ ಪುಟದಲ್ಲಿ ಸಾಕ್ಷಿ ಹೇಳಲು ಬರುತ್ತಿದ್ದ. ಅವಳು ತುಟಿ ಬಿಚ್ಚದೆ ಎಲ್ಲವನ್ನೂ ಸರಿಪಡಿಸಿಕೊಂಡು ಹೋಗುತ್ತಿದ್ದಳು. ವಕೀಲರು ಓದದೆ ಸಹಿ ಹಾಕುತ್ತಿದ್ದರು. ಈ ಬಗ್ಗೆ ಇಬ್ಬರ ನಡುವೆ ಒಂದು ದಿನವೂ ಮಾತು ಬಂದಿರಲಿಲ್ಲ. ತಾವು ತಪ್ಪು ಹೇಳುತ್ತೇವೆ ಎಂಬುದು ವಕೀಲರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದೆ ಇರುವುದು ಅವರಿಗೆ ಅನುಕೂಲವಾಗಿತ್ತು. ನ್ಯಾಯಾಲಯದ ಗುಮಾಸ್ತರಿಗೆ ಮಾತ್ರ ಇದರ ವಾಸನೆ ಬಡಿದಿತ್ತು. ಅವರು ಅವಳಿಗೆ ‘ಚಿಕ್ಕ ವಕೀಲರು’ ಎಂದು ಹೆಸರಿಟ್ಟಿದ್ದರು.

“ಏನ್ರೀ ಚಿಕ್ಕ ವಕೀಲ್ರೇ, ಇವತ್ತು ಯಾರನ್ನ ಗೆಲ್ಲಿಸ್ತೀರಿ?” ಎಂದು ಕೇಳುತ್ತಿದ್ದರು. ಅದು ಹೊಗಳಿಕೆಯಲ್ಲ ಎಂಬುದು ಹೇಳಿದವರಿಗೂ ಕೇಳಿದವಳಿಗೂ ಗೊತ್ತಿತ್ತು.

ಮೂರು ವರ್ಷದ ಹಿಂದೆ ಒಬ್ಬ ಅಡಿಗೆಯವಳ ಮೊಕದ್ದಮೆ ಬಂತು. ಅವಳಿದ್ದ ಮನೆಯನ್ನು ಖಾಲಿ ಮಾಡಿಸಲು ಮಾಲೀಕ ಕೊಟ್ಟ ನೋಟಿಸಿನಲ್ಲಿ ಕಾನೂನಿನ ಗಡುವಿಗೆ ಒಂದು ದಿನ ಕಡಿಮೆ ಬಿದ್ದಿತ್ತು; ಅಷ್ಟಕ್ಕೇ ನೋಟಿಸು ರದ್ದಾಗುತ್ತಿತ್ತು. ಅದನ್ನು ಕಂಡುಹಿಡಿದವಳು ಟೈಪಿಸ್ಟ್. ಅಡಿಗೆಯವಳ ಪರವಾದ ಉತ್ತರದ ನಾಲ್ಕನೇ ಪುಟದಲ್ಲಿ ಒಂದು ಪ್ಯಾರಾ ಸೇರಿಸಿದ್ದಳು. ವಾದದ ದಿನ ವಕೀಲರಿಗೆ ನಾಲ್ಕನೇ ಪುಟ ಮರೆತೇಹೋಯಿತು. “ಇನ್ನೇನಾದರೂ ಹೇಳುವುದಿದೆಯೇ?” ಎಂದು ನ್ಯಾಯಾಧೀಶರು ಕೇಳಿದರು. ವಕೀಲರು ಇಲ್ಲವೆಂದು ಕೂತರು. ಹಿಂದಿನ ಬೆಂಚಿನಲ್ಲಿ ಕಡತ ಹಿಡಿದು ಕೂತಿದ್ದ ಟೈಪಿಸ್ಟಿನ ಬಾಯೊಳಗೆ ಆ ವಾಕ್ಯ ಪೂರ್ತಿ ಇತ್ತು. ಕರಿ ಕೋಟು ಇಲ್ಲದವರು ಆ ಕೋಣೆಯಲ್ಲಿ ಬಾಯಿ ಬಿಡುವ ಹಾಗಿಲ್ಲ. ಅಡಿಗೆಯವಳು ಮನೆ ಕಳೆದುಕೊಂಡಳು.

ಅಡಿಗೆಯವಳ ಕಷ್ಟಕ್ಕೆ ಕರಗಿ ಅವಳು ವಕೀಲಳಾಗಲು ಹೊರಟಳು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ನಿಜವಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತದ್ದು ಅವಳಿಗೆ ಅವಮಾನವಾಗಿ ಕಂಡಿತ್ತು. ಆ ಕೋಣೆಯಲ್ಲಿ ಎದ್ದು ನಿಂತು ಮಾತಾಡುವ ಹಕ್ಕು ಬೇಕು, ಅಷ್ಟೇ. ಅದಕ್ಕೆ ಕಾಲೇಜು ಸೇರಬೇಕು; ಕಾಲೇಜಿಗೆ ಸೇರಲು ಪರೀಕ್ಷೆ ಪಾಸಾಗಬೇಕು. ಪರೀಕ್ಷೆಗೆ ವಯಸ್ಸಿನ ಮಿತಿ ಇರಲಿಲ್ಲ. ಒಬ್ಬರಿಗೆ ಮೂರೇ ಅವಕಾಶ ಎಂಬ ಮಿತಿ ಇತ್ತು. ಎರಡು ಮುಗಿದಿದ್ದವು.

ಎರಡು ಸಲವೂ ಅವಳನ್ನು ಕೆಡವಿದ್ದು ಗಣಿತವಲ್ಲ, ಸಾಮಾನ್ಯ ಜ್ಞಾನವಲ್ಲ. ಕಾನೂನಿನ ತರ್ಕ ಎಂಬ ಭಾಗ. ಮೂವತ್ತೈದು ಅಂಕಕ್ಕೆ ಮೊದಲ ಸಲ ಹನ್ನೊಂದು, ಎರಡನೇ ಸಲ ಹದಿಮೂರು. ಕಾನೂನಿನ ಪುಸ್ತಕವನ್ನೇ ನೋಡದ ಇಪ್ಪತ್ತೊಂದರ ಹುಡುಗಿಯರು ಇಪ್ಪತ್ತೈದು, ಮೂವತ್ತು ತೆಗೆದಿದ್ದರು. ಈ ಅಂಕ ಗೊತ್ತಿದ್ದದ್ದು ಅವಳ ಅಕ್ಕನಿಗೆ ಮಾತ್ರ.

ಅಕ್ಕನಿಗೆ ಅರವತ್ತೊಂದು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಮಂಡಿಗಳು ಕೈಕೊಟ್ಟ ಮೇಲೆ ಎರಡನೇ ಮಹಡಿಯ ತಮ್ಮ ಎರಡು ಕೋಣೆ ಬಿಟ್ಟು ಆರು ವರ್ಷದಿಂದ ಕೆಳಗಿಳಿದಿರಲಿಲ್ಲ. ಇಬ್ಬರೂ ಮದುವೆಯಾಗಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ತಂಗಿ ಅವಳ ಮಂಡಿಗಳಿಗೆ ಬಿಸಿನೀರಿನ ಚೀಲ ಇಟ್ಟು, ಅರ್ಧ ಗಂಟೆ ತಿಕ್ಕಿ, ಕಂಕುಳಿಗೆ ಕೈ ಕೊಟ್ಟು ಎಬ್ಬಿಸಬೇಕು. ಒಮ್ಮೆ ಎದ್ದರೆ ಅಕ್ಕ ನಾಲ್ಕು ಕಾಲಿನ ಊರುಗೋಲು ಹಿಡಿದು ಸಂಜೆಯವರೆಗೆ ತನ್ನ ಕೆಲಸ ತಾನು ಮಾಡಿಕೊಳ್ಳುತ್ತಿದ್ದಳು. ತಂಗಿ ಮನೆಯಲ್ಲಿದ್ದಾಗ ಏನಾದರೂ ಬೇಕೆನಿಸಿದರೆ ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿಯುತ್ತಿದ್ದಳು. ಕೂಗುವುದು ಅವಳ ಅಂತಸ್ತಿಗೆ ಕಡಿಮೆ.

ಎರಡನೇ ಸಲ ನಪಾಸಾದ ವಾರ ಅಕ್ಕ ಪ್ರಶ್ನೆಗಳ ಪುಸ್ತಕವನ್ನು ತನ್ನ ಮಂಚಕ್ಕೆ ತರಿಸಿಕೊಂಡಳು. ಪೆನ್ಸಿಲ್ ಹಿಡಿದು, ಗಡಿಯಾರ ಎದುರಿಗಿಟ್ಟುಕೊಂಡು, ಮೂವತ್ತೈದು ಪ್ರಶ್ನೆ ಮುಗಿಸಿದಳು. ಹಿಂದಿನ ಪುಟದ ಉತ್ತರ ನೋಡಿದರೆ ಮೂವತ್ತೊಂದು ಸರಿ.

“ನೀನೇ ಹೋಗಕ್ಕ ಕಾಲೇಜಿಗೆ,” ಎಂದಳು ತಂಗಿ.

“ಮೆಟ್ಟಿಲು ಇಳಿಸು, ಹೋಗ್ತೀನಿ. ಕೂತ್ಕೋ ಇಲ್ಲಿ. ಈ ಛತ್ರಿ ಪ್ರಶ್ನೆ ಓದು.”

ತಂಗಿ ಓದಿದಳು. ‘ನಿಯಮ: ಬೇರೆಯವರ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆದುಕೊಂಡವನು ಕಳ್ಳ. ಸಂಗತಿ: ಒಬ್ಬ ತನ್ನದೇ ಛತ್ರಿ ಎಂದುಕೊಂಡು ಪಕ್ಕದವನ ಛತ್ರಿ ತೆಗೆದುಕೊಂಡು ಹೋದ. ಅವನು ಕಳ್ಳನೇ?’

“ಅಲ್ಲ,” ಎಂದಳು ತಂಗಿ.

“ಯಾಕಲ್ಲ?”

“ಕದಿಯೋ ಉದ್ದೇಶ ಇರಲಿಲ್ಲ. ಉದ್ದೇಶ ಇಲ್ಲದೆ ಕಳ್ಳತನ ಆಗಲ್ಲ. ಇಂಥಾವು ನಾನು ಒಂದು ಮೂವತ್ತಾದ್ರೂ ಟೈಪ್ ಮಾಡಿದೀನಿ.”

“ಕೊಟ್ಟಿರೋ ನಿಯಮದಲ್ಲಿ ಉದ್ದೇಶ ಅನ್ನೋ ಮಾತಿದೆಯಾ?”

“ಇಲ್ಲ. ಆದ್ರೆ...”

ಅಕ್ಕ ಲೋಟಕ್ಕೆ ಬಡಿದಳು. “ಪುಟದ ತಲೆಮೇಲೆ ಏನು ಬರೆದಿದೆ ಓದು.”

‘ಕೊಟ್ಟ ನಿಯಮವನ್ನು ಮಾತ್ರ ಅನ್ವಯಿಸಿ. ನಿಜವಾದ ಕಾನೂನು ಬೇರೆ ಇದ್ದರೂ ಅದನ್ನು ಪರಿಗಣಿಸಬಾರದು.’ ತಂಗಿ ಈ ಎರಡು ವಾಕ್ಯಗಳನ್ನು ಎರಡು ಪರೀಕ್ಷೆಯಲ್ಲೂ ಓದಿದ್ದಳು. ಇದು ಏನೂ ತಿಳಿಯದವರಿಗೆ ಬರೆದದ್ದು, ತನಗಲ್ಲ ಎಂದುಕೊಂಡು ಮುಂದೆ ಹೋಗಿದ್ದಳು.

“ನಿನಗೆ ಬುದ್ಧಿ ಕಡಿಮೆ ಅಂದುಕೊಂಡಿದ್ದೆ,” ಎಂದಳು ಅಕ್ಕ. “ಜಾಸ್ತಿಯಾಗಿ ಬಿದ್ದಿದೀಯ. ಇನ್ನೊಂದು ಓದು.”

ಇನ್ನೊಂದು ಹೀಗಿತ್ತು. ‘ನಿಯಮ: ಹೊರಹೋಗುವ ದಾರಿಗಳೆಲ್ಲ ಮುಚ್ಚಿದ್ದರೆ ಮಾತ್ರ ಅದು ಬಂಧನ. ಒಂದು ದಾರಿ ತೆರೆದಿದ್ದರೂ ಬಂಧನವಲ್ಲ. ಸಂಗತಿ: ಯಜಮಾನನೊಬ್ಬ ಕೆಲಸದವಳ ಬಟ್ಟೆಬರೆ, ಕಾಗದಪತ್ರಗಳನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿ, ಮನೆಯ ಬಾಗಿಲು ತೆರೆದಿಟ್ಟು ಹೋದ. ಅವಳು ಹೊರಗೆ ಹೋಗಲಿಲ್ಲ. ಇದು ಬಂಧನವೇ?’

“ಹೌದು,” ಎಂದಳು ತಂಗಿ. “ಬಟ್ಟೆ ಇಲ್ಲದೆ, ಕಾಗದ ಇಲ್ಲದೆ ಅವಳು ಎಲ್ಲಿಗೆ ಹೋಗ್ತಾಳೆ? ಅವಳನ್ನ ಕಟ್ಟಿಹಾಕಿದ ಹಾಗೇ.”

“ಬಾಗಿಲು?”

“ತೆರೆದಿದೆ. ಆದ್ರೆ...”

ಲೋಟ ಸದ್ದು ಮಾಡಿತು.

ಅಂದಿನಿಂದ ದಿನಾ ಸಂಜೆ ಆರೂವರೆಗೆ ಪಾಠ. ಅಕ್ಕ ಓದುವಳು, ತಂಗಿ ಉತ್ತರ ಹೇಳುವಳು. ತಂಗಿಯ ಬಾಯಲ್ಲಿ ‘ಆದರೆ’ ಬಂದ ಕೂಡಲೇ ಚಮಚ ಲೋಟಕ್ಕೆ ಬೀಳುವುದು. ಮೂವತ್ತು ವರ್ಷ ಮಕ್ಕಳ ತಲೆಗೆ ವಿಷಯ ತುಂಬಿದ್ದ ಅಕ್ಕ ಈಗ ಒಂದು ತಲೆಯಿಂದ ವಿಷಯ ಹೊರಗೆ ಹಾಕುವ ಕೆಲಸಕ್ಕೆ ಕೂತಿದ್ದಳು. ಅದು ಹೆಚ್ಚು ಕಷ್ಟ. ಮೊದಲ ತಿಂಗಳು ಹದಿನೈದು, ಹದಿನೇಳು. ಎರಡನೇ ತಿಂಗಳು ಇಪ್ಪತ್ತೆರಡು. ಮಧ್ಯಾಹ್ನ ಕಡತಗಳ ಕೋಣೆಯಲ್ಲಿ ಕೂತಾಗಲೂ ತಂಗಿಯ ಕಿವಿಯಲ್ಲಿ ಲೋಟದ ಸದ್ದು ಕೇಳುತ್ತಿತ್ತು.

ಒಂದು ಸಂಜೆ, ಎರಡು ಪ್ರಶ್ನೆಗಳ ನಡುವೆ, ಪುಸ್ತಕದಿಂದ ಕಣ್ಣೆತ್ತದೆ ಅಕ್ಕ ಕೇಳಿದಳು: “ಕಾಲೇಜು ಬೆಳಿಗ್ಗೆ ಏಳಕ್ಕಂತೆ?”

“ಹೌದಕ್ಕ. ಕೆಲಸದಲ್ಲಿರೋರಿಗೆ ಅದೊಂದೇ ಹೊತ್ತು.”

“ನನ್ನನ್ನ ಯಾರು ಎಬ್ಬಿಸ್ತಾರೆ?”

“ಐದೂವರೆಗೆ ನಾನೇ ಎಬ್ಬಿಸಿ ಹೋಗ್ತೀನಿ.”

“ಐದೂವರೆಗೆ ನನ್ನ ಮಂಡಿ ಬಗ್ಗಲ್ಲ.”

ಅಕ್ಕ ಪುಟ ತಿರುಗಿಸಿ, “ಇಪ್ಪತ್ತನೇ ಪ್ರಶ್ನೆ,” ಎಂದಳು.

ಪರೀಕ್ಷೆಗೆ ಹದಿನೈದು ದಿನ ಇರುವಾಗ ತಂಗಿ ಇಪ್ಪತ್ತೆಂಟಕ್ಕೆ ಬಂದಳು. ಅದೇ ವಾರ ಕಚೇರಿಯಲ್ಲಿ ಒಂದು ಎಡವಟ್ಟು ಆಯಿತು.

ಒಂದು ಜಮೀನಿನ ದಾವೆ. ಜಮೀನಿನ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯುವ ಚಕ್ಕುಬಂದಿಯನ್ನು ವಕೀಲರು ಹೇಳಿದರು: “ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬಾವಿ.” ಅವಳು ಟೈಪ್ ಮಾಡಿದಳು: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬಾವಿ. ಆ ಜಮೀನಿನ ಹಳೆಯ ಪತ್ರಗಳನ್ನು ಅವಳೇ ಎರಡು ಸಲ ಟೈಪ್ ಮಾಡಿದ್ದಳು. ರಸ್ತೆ ಪಶ್ಚಿಮಕ್ಕೆ ಎಂಬುದು ಅವಳಿಗೆ ನಿದ್ದೆಯಲ್ಲೂ ಗೊತ್ತು. ಆದರೂ ಅವಳ ಕೈ ಕೊಟ್ಟದ್ದನ್ನಷ್ಟೇ ತೆಗೆದುಕೊಂಡಿತು. ವಕೀಲರು ಎಂದಿನಂತೆ ಓದದೆ ಸಹಿ ಹಾಕಿದರು.

ನಾಲ್ಕು ದಿನ ಬಿಟ್ಟು ಎದುರು ಪಕ್ಷದ ವಕೀಲರು ಅದನ್ನು ನ್ಯಾಯಾಲಯದಲ್ಲಿ ನಿಧಾನವಾಗಿ ಓದಿದರು. ರಸ್ತೆ ಪೂರ್ವಕ್ಕೆ ಬರಬೇಕಾದರೆ ಜಮೀನು ರಸ್ತೆಯ ಆಚೆ ಬದಿಗೆ ಹೋಗಬೇಕು. ಆಚೆ ಬದಿಯಲ್ಲಿರುವುದು ಅಂಚೆ ಕಚೇರಿ. “ಅಂದರೆ ನಿಮ್ಮ ಕಕ್ಷಿದಾರರು ಅಂಚೆ ಕಚೇರಿಯನ್ನು ತಮ್ಮದು ಅನ್ನುತ್ತಿದ್ದಾರೆ,” ಎಂದರು ನ್ಯಾಯಾಧೀಶರು. ನಲವತ್ತು ವರ್ಷದ ವೃತ್ತಿಯಲ್ಲಿ ಮೊದಲ ಸಲ ಇಡೀ ಕೋಣೆ ವಕೀಲರ ಮುಖ ನೋಡಿ ನಕ್ಕಿತು. ಗುಮಾಸ್ತರು ಹಿಂದಿನ ಬೆಂಚಿನ ಕಡೆ ತಿರುಗಿ ನೋಡಿದರು.

ಕಚೇರಿಗೆ ಬಂದ ಮೇಲೆ ವಕೀಲರು ಕೂಗಾಡಲಿಲ್ಲ. ಕಾಗದವನ್ನು ಅವಳ ಮುಂದಿಟ್ಟರು.

“ಏನಮ್ಮ ಇದು?”

“ನೀವು ಹೇಳಿದ್ದು ಸರ್.”

“ನಾನು ಹೇಳಿದ್ದನ್ನೇ ಟೈಪ್ ಮಾಡೋದಕ್ಕೆ ನೀನ್ಯಾಕಮ್ಮ ಬೇಕು?”

ಇಪ್ಪತ್ತಮೂರು ವರ್ಷ ಯಾರೂ ಆಡದಿದ್ದ ಮಾತು ಹೊರಗೆ ಬಂದಿತ್ತು. ಆಡಿದವರಿಗೇ ಅದು ಕಿವಿಗೆ ಬಿದ್ದು ಅವರು ಕನ್ನಡಕ ಒರೆಸತೊಡಗಿದರು. ಅವಳಿಗೆ ಸಮಾಧಾನವೇನೂ ಆಗಲಿಲ್ಲ. ತನ್ನ ಕೈ ತನಗೆ ತಿಳಿಯದೆ ಬೇರೆಯವರ ಕೈಯಾಗಿತ್ತು. ಪರೀಕ್ಷೆಯಲ್ಲಿ ಗೆಲ್ಲಬೇಕಾದರೆ ಯಾವುದನ್ನು ಬಿಡಬೇಕೋ, ಇಲ್ಲಿ ಉಳಿಯಬೇಕಾದರೆ ಅದನ್ನೇ ಹಿಡಿದುಕೊಳ್ಳಬೇಕು.

ತಿದ್ದುಪಡಿ ಅರ್ಜಿ ಸಲ್ಲಿಸಲು ಮುಂದಿನ ಶನಿವಾರ ಸಂಜೆಯವರೆಗೆ ಗಡುವು ಸಿಕ್ಕಿತ್ತು. ಪರೀಕ್ಷೆಯೂ ಅದೇ ಶನಿವಾರ, ಮಧ್ಯಾಹ್ನ ಎರಡಕ್ಕೆ. ಇನ್ನು ಬಚ್ಚಿಡುವ ಹಾಗಿರಲಿಲ್ಲ. ಅವಳು ಹೇಳಿದಳು.

“ಈ ವಯಸ್ಸಿಗೆ,” ಎಂದರು ವಕೀಲರು. “ಇಲ್ಲಿ ನಿನಗೇನು ಕಡಿಮೆಯಾಗಿದೆ? ಇರಲಿ. ಹೋಗಬೇಡ ಅಂತ ನಾನು ಹೇಳಲ್ಲಮ್ಮ. ಬಾಗಿಲು ತೆರೆದೇ ಇದೆ. ನಿನ್ನ ಕೈಯಿಂದ ಆದ ತಪ್ಪಿಗೆ ಆ ಬಡಪಾಯಿ ಜಮೀನು ಕಳ್ಕೊಂಡ್ರೆ ಅದು ನಿನ್ನ ಮನಸ್ಸಿಗೆ ಬಿಟ್ಟಿದ್ದು.”

ತೆರೆದ ಬಾಗಿಲಿನಿಂದ ಹೊರಗೆ ಹೋಗುವುದು ಎಷ್ಟು ಕಷ್ಟ ಎಂದು ತಿಳಿದವರು ಮಾತ್ರ ಹೀಗೆ ಮಾತಾಡಬಲ್ಲರು. ವಕೀಲರು ಕೆಟ್ಟವರಲ್ಲ. ಅವರಿಗೆ ಅವಳು ಬೇಕಾಗಿತ್ತು, ಅಷ್ಟೇ. ಕೆಟ್ಟವರಾಗಿದ್ದರೆ ಬಿಟ್ಟುಹೋಗುವುದು ಸುಲಭವಾಗುತ್ತಿತ್ತು.

ಶನಿವಾರ ಅವಳು ಎಂಟಕ್ಕೇ ಕಚೇರಿಗೆ ಬಂದಳು. ಅದಕ್ಕಾಗಿ ಅಕ್ಕನನ್ನು ಆರೂವರೆಗೆ ಎಬ್ಬಿಸಿದ್ದಳು. ಅಕ್ಕ ಹಲ್ಲು ಕಚ್ಚಿ ಎದ್ದಿದ್ದಳು. ಹನ್ನೆರಡೂವರೆಗೆ ಅರ್ಜಿ ಮುಗಿಯಿತು. ವಕೀಲರು ಬಂದವರೇ ಅಡ್ಡಾಡುತ್ತ ಇನ್ನೊಂದು ಪ್ಯಾರಾ ಸೇರಿಸಿದರು, ಆಮೇಲೆ ಇನ್ನೊಂದು. ಪರೀಕ್ಷೆಯ ಗೇಟು ಒಂದೂವರೆಗೆ ಮುಚ್ಚುತ್ತದೆ. ಬಸ್ಸಿನಲ್ಲಿ ಅರ್ಧ ಗಂಟೆ. ಹನ್ನೆರಡೂ ಐವತ್ತಕ್ಕೆ ಅವಳು ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟು ಎದ್ದಳು.

“ಈಗ ಹೊರಡಬೇಕು ಸರ್.”

“ಹೋಗು. ನಿನ್ನನ್ನ ಯಾರು ಹಿಡ್ಕೊಂಡಿದಾರೆ? ಪೂರ್ವ ಪಶ್ಚಿಮ ಎಲ್ಲ ಸರಿ ಇದೆ ತಾನೇ?”

ಸರಿ ಇತ್ತು. ಅವಳೇ ಮೂರು ಸಲ ನೋಡಿದ್ದಳು. ಆದರೂ, “ಓದಿ ನೋಡಿ ಸರ್,” ಎಂದಳು. ಹೊರಗೆ ಬಂದು ಬಾಗಿಲಿನ ಗಾಜಿನ ಮೂಲಕ ತಿರುಗಿ ನೋಡಿದಾಗ ವಕೀಲರು ಕನ್ನಡಕ ಹಾಕಿಕೊಂಡು ಮೊದಲ ಪುಟ ಹಿಡಿದಿದ್ದರು. ಬೆರಳು ಸಾಲಿನ ಕೆಳಗೆ ಸರಿಯುತ್ತಿತ್ತು, ಹೊಸದಾಗಿ ಓದಲು ಕಲಿತವರ ಹಾಗೆ.

ಪರೀಕ್ಷೆಯ ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. “ಪೋಷಕರು ಆಚೆ ಕಾಯ್ಬೇಕಮ್ಮ.”

ಅವಳು ಪ್ರವೇಶ ಪತ್ರ ತೋರಿಸಿದಳು.

“ಮಗಳದ್ದಾ?”

“ಫೋಟೊ ನೋಡಪ್ಪ.”

ಅವನು ಫೋಟೊ ನೋಡಿದ, ಅವಳನ್ನು ನೋಡಿದ. “ಹೋಗಿ ಮೇಡಂ. ಟೈಮಾಯ್ತು.”

ಬೆಂಚು ಇಪ್ಪತ್ತು ವರ್ಷದವರ ಅಳತೆಗೆ ಮಾಡಿದ್ದು. ಅವಳ ಮೊಣಕಾಲು ಹಲಗೆಗೆ ಒತ್ತುತ್ತಿತ್ತು. ಗಣಿತ, ಭಾಷೆ, ಸಾಮಾನ್ಯ ಜ್ಞಾನ ಹೇಗೋ ಮುಗಿದವು. ತರ್ಕದ ಭಾಗದಲ್ಲಿ ಹತ್ತೊಂಬತ್ತನೇ ಪ್ರಶ್ನೆ ಹೀಗಿತ್ತು. ‘ನಿಯಮ: ಹೊರಹೋಗುವ ದಾರಿಗಳೆಲ್ಲ ಮುಚ್ಚಿದ್ದರೆ ಮಾತ್ರ ಬಂಧನ. ಸಂಗತಿ: ದಾದಿಯೊಬ್ಬಳನ್ನು ರೋಗಿಯ ಬಳಿ ಬಿಟ್ಟು ಮನೆಯವರು ಹೋದರು. ಮರುದಿನ ಬೆಳಿಗ್ಗೆ ಬರುತ್ತೇವೆಂದವರು ಮೂರು ದಿನ ಬರಲಿಲ್ಲ. ಬಾಗಿಲಿಗೆ ಬೀಗ ಇರಲಿಲ್ಲ. ತಾನು ಹೋದರೆ ರೋಗಿಗೆ ನೀರು ಕೊಡುವವರಿಲ್ಲವೆಂದು ದಾದಿ ಹೋಗಲಿಲ್ಲ. ಅವಳು ಬಂಧನದಲ್ಲಿದ್ದಳೇ?’

ಅವಳು ಎರಡು ಸಲ ಓದಿದಳು. ಪ್ರಶ್ನೆ ಬರೆದವರು ದಾದಿಯ ಕೆಲಸ ಮಾಡಿದವರಲ್ಲ ಎಂಬುದು ಅವಳಿಗೆ ಸ್ಪಷ್ಟವಾಗಿತ್ತು. ಉತ್ತರಿಸಲು ಎರಡು ಪುಟ ಕೊಟ್ಟಿದ್ದರೆ ಆ ಮೂರು ದಿನ ಏನೆಂದು ವಿವರಿಸಿ ಬರೆಯುತ್ತಿದ್ದಳು. ಕೊಟ್ಟಿದ್ದದ್ದು ನಾಲ್ಕು ವೃತ್ತಗಳು. ಕಿವಿಯಲ್ಲಿ ಚಮಚ ಲೋಟಕ್ಕೆ ಬಿತ್ತು. ‘ಬಂಧನವಲ್ಲ’ ಎಂಬುದರ ಮುಂದಿನ ವೃತ್ತವನ್ನು ತುಂಬಿ ಇಪ್ಪತ್ತನೆಯದಕ್ಕೆ ಹೋದಳು.

ಮೂವತ್ತೈದಕ್ಕೆ ಇಪ್ಪತ್ತೊಂಬತ್ತು ಬಂತು. ಬೆಳಗಿನ ತರಗತಿಗೆ ಸೀಟು ಸಿಕ್ಕಿತು: ಏಳರಿಂದ ಒಂಬತ್ತೂವರೆ, ಮೂರು ವರ್ಷ.

ವಕೀಲರು ಸುದ್ದಿ ಕೇಳಿ ಖುಷಿಪಟ್ಟರು. “ಒಳ್ಳೇದಾಯ್ತು. ಹತ್ತಕ್ಕೆ ಇಲ್ಲಿರ್ತೀಯಲ್ಲ, ಅಷ್ಟು ಸಾಕು. ಮೂರು ವರ್ಷ ಆಗಲಿ, ಇದೇ ಕೋಣೇಲಿ ನಿನಗೊಂದು ಕುರ್ಚಿ ಹಾಕ್ಸೋಣ. ಟೈಪಿಗೂ ಬೇರೆ ಯಾರನ್ನೂ ಹುಡುಕೋದು ಬೇಡ.” ಅಷ್ಟರಲ್ಲಾಗಲೇ ಅವರು ಮತ್ತೆ ಓದದೆ ಸಹಿ ಹಾಕತೊಡಗಿದ್ದರು. ಅವಳ ಕೈಯೂ ಹಳೆಯ ಚಾಳಿಗೆ ಬಿದ್ದು ಸತ್ತವರನ್ನು ಸಾಕ್ಷಿಕಟ್ಟೆಯಿಂದ ಇಳಿಸುತ್ತಿತ್ತು.

ಮೊದಲ ತರಗತಿಯ ದಿನ ಐದೂವರೆಗೆ ಅಕ್ಕನನ್ನು ಎಬ್ಬಿಸಹೋದಳು. ಬಿಸಿನೀರಿನ ಚೀಲ ಇಟ್ಟಳು, ತಿಕ್ಕಿದಳು. ಮಂಡಿ ಬಗ್ಗಲಿಲ್ಲ. ಆರೂಕಾಲಾಯಿತು. ಕೆಳಗಿನ ಮನೆಯ ದರ್ಜಿಯ ಹೆಂಡತಿಗೆ ಮೊದಲೇ ಹೇಳಿಟ್ಟಿದ್ದಳು. ಎಂಟಕ್ಕೆ ಬಂದು ಎಬ್ಬಿಸುತ್ತೇನೆ ಎಂದಿದ್ದಳು ಆಕೆ.

“ಹೋಗು,” ಎಂದಳು ಅಕ್ಕ, ಗೋಡೆಯ ಕಡೆ ಮುಖ ಮಾಡಿ.

ಬಾಗಿಲಿಗೆ ಚಿಲಕ ಹಾಕದೆ, ಬರಿದೇ ಎಳೆದುಕೊಂಡು ಹೋದಳು.

ಪಾಠ ಮಾಡಲು ಬಂದವನು ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು. “ಪ್ರವೇಶ ಪರೀಕ್ಷೆಗೆ ಕಲಿತದ್ದನ್ನೆಲ್ಲ ಮನೆಯಲ್ಲಿ ಬಿಟ್ಟು ಬನ್ನಿ,” ಎಂದ. “ಅದು ಕಾನೂನಲ್ಲ, ಆಟ.” ಎಲ್ಲರೂ ನಕ್ಕರು. ಆಮೇಲೆ ಅವನು ಉದಾಹರಣೆಗೆಂದು ಆ ಬಂಧನದ ನಿಯಮವನ್ನೇ ಹಲಗೆಯ ಮೇಲೆ ಬರೆದ. “ಇದಕ್ಕೆ ಯಾರದಾದರೂ ಆಕ್ಷೇಪಣೆ ಇದೆಯೇ?”

ಇತ್ತು. ಇಪ್ಪತ್ತಮೂರು ವರ್ಷದ್ದು ಬಾಯಿಗೆ ಬಂದು ನಿಂತಿತ್ತು. ಅವಳು ನೆಟ್ಟಗೆ ಕೂತಳು. ಹಲಗೆಯ ಮೇಲಿನ ಗಡಿಯಾರ ಎಂಟು ತೋರಿಸುತ್ತಿತ್ತು. ದರ್ಜಿಯ ಹೆಂಡತಿ ಮೆಟ್ಟಿಲು ಹತ್ತುತ್ತಿರಬೇಕು, ಅಥವಾ ಮರೆತಿರಬೇಕು. ಲೋಟ ಸದ್ದು ಮಾಡುತ್ತಿದ್ದರೆ ಕೇಳುವವರು ಯಾರು? ಅವಳು ಮತ್ತೆ ಹಲಗೆಯ ಕಡೆ ನೋಡುವಷ್ಟರಲ್ಲಿ ಮುಂದಿನ ಬೆಂಚಿನವನು ಎದ್ದು ಹಾಜರಾತಿಯ ಬಗ್ಗೆ ಏನೋ ಕೇಳುತ್ತಿದ್ದ.

ಕಚೇರಿ ಮುಗಿಸಿ ಸಂಜೆ ಆರಕ್ಕೆ ಮನೆಗೆ ಬಂದಾಗ ಬಾಗಿಲು ಬೆಳಿಗ್ಗೆ ಎಳೆದ ಹಾಗೇ ಇತ್ತು. ಅಕ್ಕ ಮಂಚದ ಮೇಲೆ, ಗೋಡೆಯ ಕಡೆ ಮುಖ ಮಾಡಿ. ಹಾಸಿಗೆ ಒದ್ದೆಯಾಗಿತ್ತು. ಮುಚ್ಚಿಟ್ಟಿದ್ದ ಊಟ ಮುಚ್ಚಿದಂತೆಯೇ ಇತ್ತು.

“ಅವರು ಬರಲಿಲ್ವಾ?”

“ಬಂದಿದ್ರು. ಬೇಡ ಅಂದೆ.”

“ಯಾಕಕ್ಕ?”

ತಂಗಿ ನೀರು ಕಾಯಿಸಿದಳು, ಅಕ್ಕನನ್ನು ಒರೆಸಿ ಬಟ್ಟೆ ಬದಲಿಸಿದಳು, ಹಾಸಿಗೆ ತೆಗೆದು ಬೇರೆ ಹಾಸಿದಳು. ಬೈಯಲೂ ಇಲ್ಲ, ಅಳಲೂ ಇಲ್ಲ. ಇಬ್ಬರಿಗೂ ಆ ಅಭ್ಯಾಸವಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ತಟ್ಟೆ ಮುಂದಿಟ್ಟಾಗ ಅಕ್ಕ ನಾಲ್ಕು ತುತ್ತು ತಿಂದು ಕೇಳಿದಳು:

“ಏನು ಹೇಳಿಕೊಟ್ಟ?”

“ಬಂಧನದ ನಿಯಮ. ಅದು ತಪ್ಪಂತೆ. ಯಾರಾದ್ರೂ ಆಕ್ಷೇಪಣೆ ಹೇಳ್ತೀರಾ ಅಂದ.”

“ನೀನು ಬಾಯಿ ಬಿಟ್ಟೆಯಾ?”

“ಇಲ್ಲ.”

“ಮತ್ತೆ ಯಾಕೆ ಹೋಗಿದ್ದೆ?”

ತಂಗಿ ನೀರಿನ ಲೋಟವನ್ನು ಅಕ್ಕನ ಕೈಗೆ ಎಟುಕುವ ಹಾಗೆ ಸರಿಸಿದಳು. ಕಿಟಕಿಯ ಕೆಳಗೆ ದರ್ಜಿಯ ಹೊಲಿಗೆ ಯಂತ್ರ ಓಡುತ್ತಿತ್ತು.

“ಐದಕ್ಕೆ ಎಬ್ಬಿಸು,” ಎಂದಳು ಅಕ್ಕ. “ಐದೂವರೆ ಸಾಕಾಗಲ್ಲ.”

“ಐದಕ್ಕೆ ಮಂಡಿ ಇನ್ನೂ ಬಿಗಿಯಾಗಿರುತ್ತೆ.”

“ಇರುತ್ತೆ,” ಎಂದಳು ಅಕ್ಕ. “ನಾಲ್ಕೂವರೆಗೆ ನೀರು ಕಾಯಿಸು.”

ತಂಗಿ ಗಡಿಯಾರ ತೆಗೆದುಕೊಂಡು ಅಲಾರಂ ಮುಳ್ಳನ್ನು ನಾಲ್ಕೂಕಾಲಕ್ಕೆ ತಿರುಗಿಸಿದಳು. ಮೂರು ವರ್ಷ ಎಂದರೆ ಎಷ್ಟು ಬೆಳಗು ಎಂದು ಅವಳು ಲೆಕ್ಕ ಹಾಕಲಿಲ್ಲ.